ಮೂರು ಚಳಿಗಾಲದ ಸೊನ್ನೆ

ಬೆರೆಂಡೀನ ಕಳೆದ ವಾರ ಸ್ವಂತ ಮನೆಯ ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ಜನವರಿಯ ಹಕ್ಕಿ ಎಣಿಕೆಯ ದಿನ ಪುಸ್ತಕ ನನ್ನ ಕೈಗೆ ಬಂದದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

"ಪೆನ್ನು ಬೇಡ, ಪೆನ್ಸಿಲ್ ಹಿಡ್ಕೋ. ಈ ಚಳಿಗೆ ಶಾಯಿ ಇಳಿಯಲ್ಲ," ಎಂದು ಅವಳು ಪುಸ್ತಕವನ್ನು ಎಡಗೈಯಿಂದ ನನ್ನತ್ತ ಚಾಚಿದಳು. "ವೊಲ್ಬರ್ಟ್ ಸಂಖ್ಯೆ ಕೂಗ್ತಾನೆ. ನೀನೂ ಒಂದ್ಸಲ ಗಟ್ಟಿಯಾಗಿ ಹೇಳ್ಬೇಕು. ಆಮೇಲೆ ಬರಿ. ಅಷ್ಟೇ ಕೆಲಸ."

"ಹೆರಿಗೆ ಮಾಡಿಸೋದಕ್ಕಿಂತ ಸುಲಭ ಬಿಡು," ಅಂದ ಹಾರ್ಮೆನ್.

"ನೀನು ಹುಟ್ಟೋವಾಗ ನಾನಿದ್ದಿದ್ರೆ ವಾಪಸ್ ಒಳಗೇ ಕಳಿಸ್ತಿದ್ದೆ," ಅಂದಳು ಬೆರೆಂಡೀನ. ಮೂವತ್ತೈದು ವರ್ಷ ಸೂಲಗಿತ್ತಿಯಾಗಿದ್ದವಳು. ಹಾರ್ಮೆನ್ ಅಂಚೆಯವನು, ಊರಿನ ಎಲ್ಲರ ಮನೆಯ ನಾಯಿಗಳೂ ಅವನಿಗೆ ಗೊತ್ತು, ಎಲ್ಲ ನಾಯಿಗಳಿಗೂ ಅವನು ಗೊತ್ತು.

ಬೆಳಗಿನ ಎಂಟೂವರೆ. ದೋಣಿ ದಾಟಿಸುವ ಕಟ್ಟೆಯ ಬಳಿ ನಾವು ಐದು ಜನ ಸೈಕಲ್‌ಗಳನ್ನು ಒಂದಕ್ಕೊಂದು ಆನಿಸಿ ನಿಂತಿದ್ದೆವು. ಐಸೆಲ್ ಹೊಳೆ ದಂಡೆ ಮೀರಿ ಹುಲ್ಲುಗಾವಲುಗಳ ಮೇಲೆಲ್ಲ ಹರಡಿಕೊಂಡಿತ್ತು. ಅಂಚುಗಳಲ್ಲಿ ತೆಳ್ಳನೆಯ ಹಿಮದ ಹಾಳೆ. ಬೇಲಿಕಂಬಗಳು ಸೊಂಟಮಟ್ಟ ನೀರಿನಲ್ಲಿ ಸಾಲಾಗಿ ಎಲ್ಲಿಗೋ ನಡೆದು ಹೋಗುತ್ತಿದ್ದವು. ಮೂಡಣ ಗಾಳಿ ನೇರ ಹಲ್ಲಿಗೆ ಬರುತ್ತಿತ್ತು.

ಐದನೆಯವನು ಮೆನ್ನೊ. ಹಿಂದೆ ಮಾಂಸದಂಗಡಿ ಇಟ್ಟಿದ್ದ. ಈಗ ಗುಂಪಿನ ದೂರದರ್ಶಕವನ್ನು ಮೂರು ಕಾಲಿನ ಸ್ಟ್ಯಾಂಡಿನ ಸಮೇತ ಹೆಗಲ ಮೇಲೆ ಹೊತ್ತು ನಡೆಯುತ್ತಾನೆ. ಒಂದು ನಡಿಗೆಗೆ ಐದಾರು ಮಾತಿಗಿಂತ ಹೆಚ್ಚು ಆಡಿದ್ದನ್ನು ನಾನು ಕೇಳಿಲ್ಲ.

ನಾನು ಯೋರೀನ್. ವಾರವೆಲ್ಲ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತೇನೆ. ಮುಚ್ಚಿದ ಛಾವಣಿಯ ಕೆಳಗೆ ನಲವತ್ತು ಮಕ್ಕಳ ಕಿರುಚಾಟ ಕೇಳಿದವರಿಗೆ ಗೊತ್ತು, ನಾಲ್ಕು ವರ್ಷದ ಹಿಂದೆ ನಾನು ಈ ಗುಂಪಿಗೆ ಯಾಕೆ ಸೇರಿದೆನೆಂದು. ನನಗೆ ಹಕ್ಕಿ ಬೇಕಿರಲಿಲ್ಲ. ಯಾರೂ ಮಾತಾಡದ ಒಂದು ಶನಿವಾರ ಬೇಕಿತ್ತು. ಹಕ್ಕಿಗಳು ಆಮೇಲೆ ಬಂದವು.

ವೊಲ್ಬರ್ಟ್ ನೈಕಾಂಪ್ ಗಡಿಯಾರ ನೋಡಿಕೊಂಡು "ಹೊರಡೋಣ" ಅಂದ. ಅವನಿಗೆ ಎಪ್ಪತ್ತಾರು. ಬದುಕಿಡೀ ಮರಗೆಲಸ: ಮೆಟ್ಟಿಲು, ಕಿಟಕಿ, ಯಾರಾದರೂ ಕೇಳಿಕೊಂಡರೆ ಶವಪೆಟ್ಟಿಗೆ. ಈ ಕಟ್ಟೆಯಿಂದ ಹಳೆಯ ಇಟ್ಟಿಗೆ ಕಾರ್ಖಾನೆಯವರೆಗಿನ ಆರು ಕಿಲೋಮೀಟರ್ ಏರಿಯನ್ನು ಅವನು ಮೂವತ್ತೊಂಬತ್ತು ಚಳಿಗಾಲ ಎಣಿಸಿದ್ದಾನೆ. ಅವನ ಅಂಕಿಗಳನ್ನು ಯಾರೂ ಪರೀಕ್ಷಿಸುವುದಿಲ್ಲ. ಬೇರೆ ಗುಂಪಿನವರು ತಮ್ಮ ಅಂಕಿಗಳನ್ನು ಅವನ ಅಂಕಿಗಳ ಪಕ್ಕ ಇಟ್ಟು ಪರೀಕ್ಷಿಸುತ್ತಾರೆ.

ಅವನು ಹೆಬ್ಬಾತುಗಳನ್ನು ಎಣಿಸುವುದನ್ನು ನೋಡಬೇಕು. ಹಿಂಡನ್ನು ಒಮ್ಮೆ ನೋಡಿ, ಕಣ್ಣಿನಲ್ಲೇ ಹತ್ತು ಹಕ್ಕಿಯ ಒಂದು ತುಂಡು ಕತ್ತರಿಸಿ, ಆ ತುಂಡನ್ನು ಅಳತೆಗೋಲಿನಂತೆ ಹಿಂಡಿನ ಮೇಲೆ ಇಡುತ್ತಾ ಹೋಗುತ್ತಾನೆ. ತುಟಿ ಅಲುಗುವುದಿಲ್ಲ.

"ಬಿಳಿಹಣೆ ಹೆಬ್ಬಾತು. ಆರುನೂರ ನಲವತ್ತು."

"ಆರುನೂರ ನಲವತ್ತು," ಅಂದೆ ನಾನು. ಬರೆದೆ.

"ಹಂಸ. ಹದಿನೇಳು."

"ಹದಿನೇಳು."

"ಹಾರ್ಮೆನ್, ನಿನ್ನ ಪ್ರಕಾರ ಎಷ್ಟು?" ಬೆರೆಂಡೀನ ಕೆಣಕಿದಳು. ಆಚೆ ದಡದ ಹೊಲದಲ್ಲಿ ದನದ ಮೇವನ್ನು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಉಂಡೆಗಳಿದ್ದವು. ಒಂಬತ್ತು ವರ್ಷದ ಹಿಂದೆ, ಮಂಜು ಕವಿದ ಒಂದು ಬೆಳಗ್ಗೆ, ಹಾರ್ಮೆನ್ ಅವುಗಳಲ್ಲಿ ಇಪ್ಪತ್ತಮೂರನ್ನು ಮಲಗಿದ ಹಂಸ ಎಂದು ಬರೆಸಿದ್ದ.

"ಇನ್ನೂ ಬಿಟ್ಟಿಲ್ವಾ ಅದನ್ನ?"

"ನೀನು ಸತ್ತಾಗ ಕಲ್ಲಿನ ಮೇಲೆ ಕೆತ್ತಿಸ್ತೀವಿ. ಇಪ್ಪತ್ತಮೂರು ಹಂಸ, ತಲಾ ನಾನೂರು ಕಿಲೋ."

ವೊಲ್ಬರ್ಟ್ ಕೂಡ ನಕ್ಕ. ಕಣ್ಣಿನ ತಪ್ಪುಗಳ ಬಗ್ಗೆ ನಾವು ಹೀಗೆ ಧಾರಾಳವಾಗಿ ನಗುತ್ತೇವೆ. ಅಷ್ಟೇ ಧಾರಾಳವಾಗಿ ಕಿವಿಯ ಬಗ್ಗೆ ಸುಮ್ಮನಿದ್ದೆವು.

ವಿಷಯ ಇಷ್ಟು. ಇಟ್ಟಿಗೆ ಕಾರ್ಖಾನೆಯ ಬಳಿ ಏರಿಯ ಮೇಲೆ ಸೂಜಿಯೆಲೆಯ ಹದಿನಾಲ್ಕು ಹಳೆಯ ಸ್ಪ್ರೂಸ್ ಮರಗಳ ಒಂದು ಸಾಲಿದೆ. ಪ್ರತಿ ಚಳಿಗಾಲದಲ್ಲೂ ಅಲ್ಲಿ ಚಿನ್ನಹುಂಜಗಳು ತಂಗುತ್ತವೆ. ಹೆಸರು ಕೇಳಿ ಮೋಸಹೋಗಬಾರದು. ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿ, ಐದು ಗ್ರಾಂ ತೂಕ, ನೆತ್ತಿಯ ಮೇಲೆ ಒಂದು ಹಳದಿ ಗೆರೆ. ಇಡೀ ದಿನ ಕತ್ತಲು ಕತ್ತಲಾದ ಕೊಂಬೆಗಳ ಒಳಗೇ ಓಡಾಡುವುದರಿಂದ ಅದನ್ನು ಎಣಿಸುವುದು ಕಣ್ಣಿನಿಂದಲ್ಲ, ಕಿವಿಯಿಂದ. ಅದರ ದನಿಯೋ, ಗಾಜಿನ ಮೇಲೆ ಸೂಜಿಯಲ್ಲಿ ಗೀರಿದ ಹಾಗೆ ಸಣ್ಣ. ಸ್ರೀ, ಸ್ರೀ, ಸ್ರೀ. ವಯಸ್ಸಾದಂತೆ ಮನುಷ್ಯನ ಕಿವಿ ಮೇಲಿನಿಂದ ಕೆಳಕ್ಕೆ ಮುಚ್ಚುತ್ತಾ ಬರುತ್ತದೆ. ಮೊದಲು ಹೋಗುವುದು ಈ ದನಿ.

ಮೂರು ವರ್ಷದ ಹಿಂದಿನ ಜನವರಿಯಲ್ಲಿ ವೊಲ್ಬರ್ಟ್ ಆ ಸಾಲಿನ ಕೆಳಗೆ ಎಂದಿನಂತೆ ಎರಡು ನಿಮಿಷ ನಿಂತ. ಆ ಎರಡು ನಿಮಿಷ ಯಾರೂ ಉಸಿರೆತ್ತುವಂತಿಲ್ಲ, ಅದು ಗುಂಪಿನ ನಿಯಮ. ಆಮೇಲೆ ಅವನು ಸಂಖ್ಯೆ ಹೇಳಿ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತಾನೆ. ನಾವು ತಲೆ ಆಡಿಸುತ್ತೇವೆ. ಬರೆಯುವವರು ಬರೆಯುತ್ತಾರೆ. ಆ ವರ್ಷ ಅವನು "ಸೊನ್ನೆ" ಅಂದ. ನನಗೆ ಹಕ್ಕಿ ಕೇಳಿಸುತ್ತಿತ್ತು. ಆದರೆ ನಾನು ಹೊಸಬಳು. ಬೇರೆ ಯಾವುದೋ ಹಕ್ಕಿ ಇರಬೇಕೆಂದುಕೊಂಡು ತಲೆ ಆಡಿಸಿದೆ. ಉಳಿದವರೂ ಆಡಿಸಿದರು. ಬೆರೆಂಡೀನ ಸೊನ್ನೆ ಬರೆದಳು.

ಮುಖಕ್ಕೆ ಹೊಡೆದಂತೆ ಮಾತಾಡುವವರು ಎಂದು ನಮ್ಮ ಜನಕ್ಕೆ ಹೆಸರು. ನಿನ್ನ ಹೊಸ ಕೋಟು ಚೆನ್ನಾಗಿಲ್ಲ, ನಿನ್ನ ಮಗನಿಗೆ ಲೆಕ್ಕ ಬರುವುದಿಲ್ಲ, ನಿನ್ನ ಸೂಪಿಗೆ ಉಪ್ಪಿಲ್ಲ, ಎಲ್ಲವನ್ನೂ ಹೇಳುತ್ತೇವೆ. ಹಕ್ಕಿ ನಮಗೆಲ್ಲ ಕೇಳಿಸಿತೆಂಬ ಇದೊಂದನ್ನು ಹೇಳಲಿಲ್ಲ. ಹೇಳಬಹುದಿತ್ತೇನೋ, ಆದರೆ ಅದೇ ವಸಂತದಲ್ಲಿ ವೊಲ್ಬರ್ಟ್ ನಮ್ಮ ಹಕ್ಕಿ ಸಂಘದ ಪತ್ರಿಕೆಗೆ ಒಂದು ಲೇಖನ ಬರೆದ. ಬದುಕಿನಲ್ಲಿ ಅವನು ಬರೆದ ಒಂದೇ ಲೇಖನ, ಒಂದೂವರೆ ಪುಟ, ಚಿನ್ನಹುಂಜಕ್ಕೆ ವಿದಾಯ. "ಐದು ಗ್ರಾಂ ಕಡಿಮೆಯಾದರೆ ಒಂದು ಹೊಳೆ ಎಷ್ಟು ಹಗುರವಾಗುತ್ತದೆ ಎಂದು ಯಾವ ತಕ್ಕಡಿಯೂ ಹೇಳುವುದಿಲ್ಲ" ಎಂದು ಅದರಲ್ಲಿತ್ತು. ಜನ ಅವನನ್ನು ಬೇಕರಿಯಲ್ಲಿ ನಿಲ್ಲಿಸಿ ಕೈಕುಲುಕಿದರು. ಬೆರೆಂಡೀನ ಅದನ್ನು ಕತ್ತರಿಸಿ ತನ್ನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಳು ಬಂತು ಎಂದು ನಾನೇ ಅವನಿಗೆ ಹೇಳಿದ್ದೆ. ಸುಳ್ಳಲ್ಲ, ಬಂದಿತ್ತು. ಇನ್ನು ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮರುವರ್ಷ ಸೊನ್ನೆ. ಅದರ ಮರುವರ್ಷವೂ ಸೊನ್ನೆ.

ಈಗ ಹೊಳೆಯ ಏರಿಯನ್ನು ಗಟ್ಟಿ ಮಾಡುವ ಕೆಲಸ ಬಂದಿದೆ. ದೊಡ್ಡ ಮರಗಳು ಬಿರುಗಾಳಿಗೆ ಬುಡಸಮೇತ ಕಿತ್ತುಬಂದರೆ ಏರಿ ಒಡೆಯುತ್ತದೆ, ಹಾಗಾಗಿ ಸ್ಪ್ರೂಸ್ ಸಾಲನ್ನು ಕಡಿಯಬೇಕೆಂದು ಏರಿಗಳನ್ನು ನೋಡಿಕೊಳ್ಳುವ ನೀರಿನ ಕಚೇರಿ ಹೇಳುತ್ತದೆ. ಅವರ ಮಾತಿನಲ್ಲೂ ತಪ್ಪಿಲ್ಲ. ಅಲ್ಲಿ ಚಳಿಗಾಲದಲ್ಲಿ ಹಕ್ಕಿ ತಂಗುವುದಾದರೆ ಬೇರೆ ದಾರಿ ನೋಡುತ್ತೇವೆ, ನಾಲ್ಕು ವರ್ಷದ ಎಣಿಕೆ ಕೊಡಿ ಎಂದು ವೊಲ್ಬರ್ಟ್‌ಗೇ ಪತ್ರ ಬರೆದಿದ್ದರು. ಮೂರು ಸೊನ್ನೆಗಳನ್ನು ಅವನು ಆಗಲೇ ಕಳಿಸಿಕೊಟ್ಟಿದ್ದ. ಆ ಮರಗಳನ್ನು ಅವನಷ್ಟು ಪ್ರೀತಿಸುವವರು ಯಾರೂ ಇಲ್ಲ. ಆದರೂ ಕಳಿಸಿದ್ದ. ಇಂದಿನ ಸಂಖ್ಯೆ ಸೋಮವಾರದೊಳಗೆ ಹೋಗಬೇಕಿತ್ತು.

ಹತ್ತು ಗಂಟೆಗೆ ಗಾಳಿಮರೆಯಲ್ಲಿ ಕೂತು ಕಾಫಿ ಕುಡಿದೆವು. ಬೆರೆಂಡೀನ ಜೇನಿನ ಮಸಾಲೆ ಕೇಕನ್ನು ಎಡಗೈಯಲ್ಲೇ ಹೋಳು ಮಾಡಿ ತಲಾ ಒಂದು ಹಂಚಿ ಡಬ್ಬಿ ಮುಚ್ಚಿದಳು.

"ಡಬ್ಬಿಲಿ ಇನ್ನೂ ಮೂರಿದೆ," ಅಂದ ಹಾರ್ಮೆನ್.

"ಅದು ಮೂರು ಅಂತ ನೋಡಿದ್ಯಲ್ಲ, ಅಷ್ಟು ಚೆನ್ನಾಗಿ ಹಂಸ ನೋಡು."

ವೊಲ್ಬರ್ಟ್ ಎದ್ದು ಹೊಳೆಯಂಚಿಗೆ ಹೋದಾಗ ನಾನು ದನಿ ತಗ್ಗಿಸಿ ಕೇಳಿದೆ, "ಸ್ಪ್ರೂಸ್ ಹತ್ರ ಏನು ಮಾಡೋಣ?"

ಮೆನ್ನೊ ತನ್ನ ಕಪ್ಪಿನೊಳಗೆ ನೋಡಿದ.

"ಏನು ಮಾಡೋದು? ಅವನು ಹೇಳಿದ್ದನ್ನ ಬರಿ," ಅಂದಳು ಬೆರೆಂಡೀನ. "ನಾನು ಮೂರು ವರ್ಷ ಬರ್ದಿಲ್ವಾ?"

"ಮರ ಕಡೀತಾರೆ."

"ಮರ ಮತ್ತೆ ನೆಡ್ತಾರೆ ಕಣೆ. ಅವನಿಗೆ ಇನ್ನೇನಿದೆ ಹೇಳು, ಈ ಪುಸ್ತಕ ಬಿಟ್ರೆ?"

ಪುಸ್ತಕ ನನ್ನ ತೊಡೆಯ ಮೇಲಿತ್ತು. ಅದಕ್ಕಿಂತ ಹೆಚ್ಚು ಭಾರದ ವಸ್ತುಗಳನ್ನು ನಾನು ಕೊಳದ ತಳದಿಂದ ಎತ್ತಿದ್ದೇನೆ.

ಹನ್ನೊಂದೂಕಾಲಿಗೆ ಸ್ಪ್ರೂಸ್ ಸಾಲು ತಲುಪಿದೆವು. ಪ್ರತಿ ಬೊಡ್ಡೆಯ ಮೇಲೂ ಎದೆಮಟ್ಟದಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ. ವೊಲ್ಬರ್ಟ್ ನಡುವಿನ ಮರದ ಕೆಳಗೆ ನಿಂತು ಟೊಪ್ಪಿಯ ಕಿವಿಗಳನ್ನು ಮೇಲಕ್ಕೆ ಮಡಚಿದ. ಕೈ ಎತ್ತಿದ. ಎಲ್ಲರೂ ನಿಂತೆವು.

ಅಲ್ಲಿ ಮರಗಳು ಗಾಳಿಯನ್ನು ತಡೆದಿದ್ದವು. ಸ್ರೀ, ಸ್ರೀ. ಎಡಕ್ಕೆ ಒಂದು. ತಲೆಯ ಮೇಲೆ ಎರಡು, ಒಂದಕ್ಕೊಂದು ಉತ್ತರ ಕೊಡುತ್ತಾ. ಆಚೆ ತುದಿಯಲ್ಲಿ ಒಂದು ಚಿಕ್ಕ ಗುಂಪು. ನಾನು ಮೊದಲ ಸಲ ಬೆರಳು ಮಡಚಿ ಎಣಿಸಿದೆ. ಒಂಬತ್ತು. ಬಿಟ್ಟುಹೋದದ್ದು ಇದ್ದರೂ ಇರಬಹುದು. ವೊಲ್ಬರ್ಟ್ ಕಣ್ಣು ಮುಚ್ಚಿಕೊಂಡಿದ್ದ. ಅಷ್ಟು ಗಮನವಿಟ್ಟು ಕೇಳುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

"ಸೊನ್ನೆ," ಅಂದ.

ನಾನು ತಿರುಗಿ ಹೇಳಬೇಕಿತ್ತು. ತಲೆ ಆಡಿಸುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ ಎಂದು ಆಗ ತಿಳಿಯಿತು.

"ಯೋರೀನ್, ಸೊನ್ನೆ. ಬರಿ. ಯಾಕೆ, ಕೈ ಮರಗಟ್ಟಿದ್ಯಾ?"

"ಇಲ್ಲ. ನಂಗೆ ಕೇಳಿಸ್ತಾ ಇದೆ."

ಅವನು ಅರ್ಥವಾಗದೆ ನೋಡಿದ. ಇನ್ನೊಮ್ಮೆ ಹೇಳಿದೆ, ಈ ಸಲ ಈಜುಕೊಳದ ದನಿಯಲ್ಲಿ. "ಚಿನ್ನಹುಂಜ. ಒಂಬತ್ತಾದ್ರೂ ಇವೆ, ವೊಲ್ಬರ್ಟ್. ಈಗ್ಲೂ ಕೂಗ್ತಾ ಇವೆ."

ಅವನು ಬೆರೆಂಡೀನಳತ್ತ ತಿರುಗಿದ. ಅವಳು ತನ್ನ ಕೈಯ ಬ್ಯಾಂಡೇಜನ್ನು ನೋಡುತ್ತಿದ್ದಳು.

"ಗಾಳಿ ಇರೋವಾಗ ಒಂದೊಂದ್ಸಲ..." ಎಂದು ಹಾರ್ಮೆನ್ ಶುರುಮಾಡಿದ.

"ಗಾಳಿ ಬಿಡು. ಕೇಳಿಸ್ತಾ ಇದ್ಯೋ ಇಲ್ವೋ?"

"ಇದೆ, ಯಜಮಾನ್ರೇ."

"ಮೆನ್ನೊ?"

ಮೆನ್ನೊ ದೂರದರ್ಶಕವನ್ನು ಹೆಗಲಿನಿಂದ ಇಳಿಸಿದ. "ಇದೆ."

"ಹೋದ ವರ್ಷ?"

"ಇತ್ತು."

"ಅದಕ್ಕೂ ಹಿಂದೆ?"

"ಮೂರು ವರ್ಷವೂ ಇತ್ತು ಕಣೋ," ಅಂದಳು ಬೆರೆಂಡೀನ. "ಹೇಳೋಣ ಅನ್ಕೊಂಡಿದ್ದೆ. ಅಷ್ಟರಲ್ಲಿ ನೀನು ಅದನ್ನ ಬರೆದುಬಿಟ್ಟೆ. ಎಷ್ಟು ಚೆನ್ನಾಗಿ ಬರೆದಿದ್ದೆ."

"ಚೆನ್ನಾಗಿ ಬರೆದಿದ್ದೆ ಅಂತ ಹಕ್ಕಿನೇ ಸಾಯಿಸಿದ್ರಾ?"

ಉತ್ತರಿಸಿದ್ದು ಹಕ್ಕಿಗಳು ಮಾತ್ರ, ಅದೂ ಅವನಿಗಲ್ಲ.

ಆಗ ಮೆನ್ನೊ ಅವನ ತೋಳನ್ನು ಮೆಲ್ಲಗೆ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿ ಬೆರಳು ತೋರಿದ. ಕೆಳಗಿನ ಕೊಂಬೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಚಿನ್ನಹುಂಜ ಸೂಜಿಯೆಲೆಗಳ ಅಡಿಯನ್ನು ತಡಕುತ್ತಿತ್ತು. ಚಳಿಗಾಲದಲ್ಲಿ ಅವಕ್ಕೆ ಮನುಷ್ಯರಿಗೆ ಹೆದರುವಷ್ಟು ಪುರುಸೊತ್ತು ಇರುವುದಿಲ್ಲ. ಹಕ್ಕಿ ತಲೆಯೆತ್ತಿತು. ಕೊಕ್ಕು ತೆರೆಯಿತು, ಮುಚ್ಚಿತು.

"ಈಗ?" ಅಂದ ವೊಲ್ಬರ್ಟ್.

"ಹೂಂ," ಅಂದೆ.

ಕೊಕ್ಕು ಮತ್ತೆ ತೆರೆಯಿತು.

"ಈಗಲೂ?"

"ಈಗಲೂ."

ಅವನು ಅಲುಗದೆ ನೋಡುತ್ತಿದ್ದ. ಹಕ್ಕಿ ಅವನ ಮುಖಕ್ಕೆ ನೇರವಾಗಿ ಕೂಗುತ್ತಿತ್ತು. "ಕಿಟಕಿ ಗಾಜಿನ ಆಚೆ ನಿಂತು ಯಾರೋ ಬೈತಾ ಇರೋ ಹಾಗಿದೆ," ಅಂದ. ಆಮೇಲೆ ಅದು ಹಾರಿಹೋಯಿತು. ಅವನು ಅದು ಕೂತಿದ್ದ ಕೊಂಬೆಯನ್ನೇ ಇನ್ನೂ ಸ್ವಲ್ಪ ಹೊತ್ತು ನೋಡಿದ.

"ನನ್ನ ಕಿವಿ ಹೋಗ್ತಿದೆ ಅಂತ ನಂಗೆ ಗೊತ್ತಿಲ್ಲ ಅನ್ಕೊಂಡ್ರಾ?" ನಮ್ಮತ್ತ ತಿರುಗದೆಯೇ ಕೇಳಿದ. "ನಲವತ್ತು ವರ್ಷ ಗರಗಸದ ಮುಂದೆ ನಿಂತೋನು ನಾನು. ಅದಕ್ಕೇ ಅಲ್ವಾ, ಸೊನ್ನೆ ಅಂದ ಮೇಲೆ ಒಬ್ಬೊಬ್ಬರದೂ ಮುಖ ನೋಡ್ತಿದ್ದದ್ದು? ನಾಲ್ಕು ಜೊತೆ ಒಳ್ಳೇ ಕಿವಿ ಇವೆ, ತಪ್ಪಿದ್ರೆ ಹೇಳ್ತಾರೆ ಅಂತ. ನೀವು ತಲೆ ಆಡಿಸಿದ್ರಿ. ನಾನು ನಿಮ್ಮ ತಲೆ ಎಣಿಸಿ ಸೊನ್ನೆ ಬರೆಸಿದೆ."

ನಾವು ಅವನಿಗೆ ಕರುಣೆ ತೋರಿಸುತ್ತಿದ್ದೇವೆಂದು ತಿಳಿದಿದ್ದೆವು. ಮೂರು ವರ್ಷ ಅವನು ನಮ್ಮನ್ನು ಪ್ರಶ್ನೆ ಕೇಳುತ್ತಿದ್ದ.

"ನೊಂದ್ಕೋತೀಯ ಅಂತ..." ಅಂದಳು ಬೆರೆಂಡೀನ.

"ನೊಂದ್ಕೋತಿದ್ದೆ. ಒಂದು ವಾರ ನಿಮ್ಮ ಯಾರ ಮುಖನೂ ನೋಡ್ತಿರ್ಲಿಲ್ಲ. ಎಂಟನೇ ದಿನ ಬರ್ತಿದ್ದೆ. ನೀನು ಮಕ್ಕಳನ್ನ ಹೆರಿಸಿದೋಳು ಬೆರೆಂಡೀನ, ನೋವಾಗತ್ತೆ ಅಂತ ಮಗು ಒಳಗೇ ಇರ್ಲಿ ಅಂದಿದ್ಯಾ ಯಾವತ್ತಾದ್ರೂ?"

ಅವಳು ಎಡಗೈಯಿಂದ ಮೂಗು ಒರೆಸಿಕೊಂಡಳು. ಚಳಿಗೋ ಏನೋ.

ಅವನು ನನ್ನ ಕೈಯಿಂದ ಪುಸ್ತಕವನ್ನೂ ಪೆನ್ಸಿಲ್ಲನ್ನೂ ತೆಗೆದುಕೊಂಡ. ಕೈಗವಸು ಬಿಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡು ಹಿಂದಿನ ಪುಟಗಳನ್ನು ತಿರುವಿದ. ಒಂದು ಸೊನ್ನೆ ಸಿಕ್ಕಿತು. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಒಂದು ಅಡ್ಡಗೀಟು ಹಾಕಿ, ಇವತ್ತಿನ ತಾರೀಖು ಬರೆದು ಸಹಿ ಮಾಡಿದ. ಎರಡನೆಯದು. ಮೂರನೆಯದು.

"ಏನದು ಗೀಟು?" ಹಾರ್ಮೆನ್ ಕೇಳಿದ.

"ಸೊನ್ನೆ ಅಂದ್ರೆ ಕೇಳಿದ್ವಿ, ಹಕ್ಕಿ ಇರ್ಲಿಲ್ಲ. ಗೀಟು ಅಂದ್ರೆ ಎಣಿಸೋರೇ ಇರ್ಲಿಲ್ಲ."

"ಆದ್ರೆ ನಾವು ಕೇಳಿದ್ವಲ್ಲ. ಆ ಸಂಖ್ಯೆ ಹಾಕಬಹುದಲ್ವಾ?"

"ಹಾಕ್ತೀನಿ. ಹೇಳು. ಹೋದ ವರ್ಷ ಎಷ್ಟಿತ್ತು?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಕೇಳಿಸಿದ್ದು ನೆನಪಿತ್ತು. ಸಂಖ್ಯೆ ಇರಲಿಲ್ಲ. ವೊಲ್ಬರ್ಟ್ ಮೆನ್ನೊನತ್ತ ನೋಡಿದ, ಬೆರೆಂಡೀನಳತ್ತ ನೋಡಿದ. ಯಾರೂ ಎಣಿಸಿರಲಿಲ್ಲ. ಕೇಳಿಸಿದ್ದು ಆದಷ್ಟು ಬೇಗ ನಿಲ್ಲಲಿ ಎಂದು ಎಲ್ಲರೂ ಕಾದಿದ್ದೆವು.

"ಹಾಗಾದ್ರೆ ಗೀಟೇ," ಅಂದ.

ಇವತ್ತಿನ ಸಾಲಿನಲ್ಲಿ ಒಂಬತ್ತು ಎಂದು ಬರೆದ. ಎದುರಿಗೆ ಸಾಮಾನ್ಯವಾಗಿ ಅವನ ಹೆಸರಿನ ಎರಡಕ್ಷರ ಇರುವ ಜಾಗದಲ್ಲಿ ನನ್ನ ಹೆಸರು ಬರೆದ. ಮೂವತ್ತೊಂಬತ್ತು ವರ್ಷದಲ್ಲಿ ಆ ಜಾಗದಲ್ಲಿ ಬೇರೆ ಹೆಸರು ಬಂದದ್ದು ಅದೇ ಮೊದಲು. ಅದು ನನಗೆ ಗೌರವ ಅನ್ನಿಸಲಿಲ್ಲ.

"ಮೂರು ಗೀಟು, ಒಂದು ಒಂಬತ್ತು," ಅಂದಳು ಬೆರೆಂಡೀನ. "ಅಷ್ಟಕ್ಕೆ ಮರ ಬಿಡ್ತಾರಾ?"

"ಬಿಡದೇನೂ ಇರಬಹುದು. ಆದ್ರೆ ಇಲ್ಲದ ಸೊನ್ನೆ ನೋಡಿ ಕಡಿಯೋದು ಬೇಡ."

ಅವನು ಜೇಬಿನಿಂದ ಫೋನು ತೆಗೆದ. ಗುಂಡಿಗಳಿರುವ, ಮಡಚುವ ಹಳೆಯ ಫೋನು. ಶನಿವಾರ ಕಚೇರಿಯಲ್ಲಿ ಯಾರೂ ಇರುವುದಿಲ್ಲ ಎಂದು ಹಾರ್ಮೆನ್ ಹೇಳಿದ್ದಕ್ಕೆ, "ಒಳ್ಳೇದು. ಸೋಮವಾರದವರೆಗೆ ಕಾದ್ರೆ ನಂಗೆ ಧೈರ್ಯ ಇರಲ್ಲ," ಅಂದ. ಅತ್ತ ಯಂತ್ರದ ದನಿ ಮಾತಾಡಿ ಮುಗಿಸಿದ ಮೇಲೆ, ಮಂದಗಿವಿಯವರು ಕೂಗುವ ಹಾಗೆ ಇಡೀ ಏರಿಗೆ ಕೇಳಿಸುವಂತೆ ಕೂಗಿದ:

"ನೈಕಾಂಪ್ ಮಾತಾಡ್ತಿರೋದು. ಸ್ಪ್ರೂಸ್ ಸಾಲಿನ ವಿಷಯ. ನಾನು ಕಳಿಸಿದ ಮೂರು ಸೊನ್ನೆನೂ ತಪ್ಪು. ಹಕ್ಕಿ ಇದ್ವು. ನನ್ನ ಕಿವಿ ಇರ್ಲಿಲ್ಲ. ಸಂಘದ ಪತ್ರಿಕೆಲಿ ನಾನು ಬರೆದಿದ್ನಲ್ಲ, ನೀವು ಚೆನ್ನಾಗಿದೆ ಅಂದಿದ್ರಲ್ಲ, ಅದೂ ತಪ್ಪು. ಇವತ್ತು ಒಂಬತ್ತು. ಅದು ನಾನು ಕೇಳಿದ್ದಲ್ಲ. ಕೇಳಿದವರು ಇಲ್ಲೇ ಇದಾರೆ. ಮೂರು ವರ್ಷದಿಂದ ಕೇಳ್ತಿದಾರೆ. ಅವರ ಬಾಯಲ್ಲೇ ಕೇಳಿ."

ಫೋನನ್ನು ಬೆರೆಂಡೀನಳ ಬಾಯಿಯ ಮುಂದೆ ಹಿಡಿದ. ಅವಳು ಅವನನ್ನು ನೋಡಿದಳು, ಹೆಸರು ಹೇಳಿದಳು, "ಹೌದು, ಕೇಳಿಸಿತ್ತು, ಆದ್ರೂ ಸೊನ್ನೆ ಅಂತ ನಾನೇ ಬರೆದೆ," ಅಂದಳು. ಹಾರ್ಮೆನ್ ತಮಾಷೆ ಮಾಡದೆ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮೆನ್ನೊ ಹೆಸರು ಹೇಳಿ, "ಇತ್ತು" ಅಂದ. ಆ ದಿನದ ಅವನ ಮಾತೆಲ್ಲ ಅಲ್ಲಿಗೆ ಮುಗಿಯಿತು.

ಕೊನೆಗೆ ಫೋನು ನನ್ನ ಮುಂದೆ ಬಂತು. ನಾನು ಎಂದಿನ ದನಿಯಲ್ಲಿ, ಸಣ್ಣಗೆ, ಹೇಳಬೇಕಾದ್ದನ್ನು ಹೇಳಿದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ.

"ಏನು ಹೇಳ್ದೆ?" ಫೋನು ಮಡಚುತ್ತಾ ಕೇಳಿದ.

"ಒಂಬತ್ತು ಅಂತ. ಮತ್ತೆ ನಾನೂ ಮೂರು ವರ್ಷ ತಲೆ ಆಡಿಸ್ದೆ ಅಂತ."

ಪುಸ್ತಕವನ್ನು ನನ್ನ ಕೈಗೆ ಕೊಟ್ಟ. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಟೊಪ್ಪಿಯ ಕಿವಿಗಳನ್ನು ಕೆಳಕ್ಕೆ ಬಿಟ್ಟು ಗದ್ದದ ಕೆಳಗೆ ಗಂಟು ಹಾಕಿಕೊಂಡ.

"ನಡೀರಿ. ಕಾರ್ಖಾನೆ ಹಿಂದಿನ ನೀರುಕಾಗೆ ಬಾಕಿ ಇವೆ," ಅಂದ. "ಅವು ಕಪ್ಪಗಿವೆ, ದೊಡ್ಡಕ್ಕಿವೆ. ಅವನ್ನ ನಾನೇ ಎಣಿಸ್ತೀನಿ."